ಸಿಕ್ಕ ಗ್ರಹ, ಸಿಗದ ಗ್ರಹ

ಊರ್ಬೆನ್ ಲೆವೆರಿಯೆ ಎಂಬ ಫ್ರೆಂಚ್ ಗಣಿತಜ್ಞ ಒಂದೇ ದಾರಿಯಲ್ಲಿ ಎರಡು ಸಲ ನಡೆದ. ಮೊದಲ ಸಲ ದಾರಿಯ ಕೊನೆಯಲ್ಲಿ ಒಂದು ಗ್ರಹವಿತ್ತು. ಎರಡನೆಯ ಸಲ ಅಲ್ಲಿ ಏನೂ ಇರಲಿಲ್ಲ. ಎರಡೂ ಸಲ ಅವನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ತಪ್ಪಿರಲಿಲ್ಲ, ತರ್ಕವೂ ಬದಲಾಗಿರಲಿಲ್ಲ. ಒಬ್ಬನೇ ಮನುಷ್ಯ, ಒಂದೇ ನಿಯಮ, ಒಂದೇ ಬಗೆಯ ಆಲೋಚನೆ, ಫಲ ಮಾತ್ರ ಬೇರೆ ಬೇರೆ. ಇಂಥ ಪರೀಕ್ಷೆಯನ್ನು ಯಾರಾದರೂ ಬೇಕೆಂದೇ ಏರ್ಪಡಿಸಿದ್ದರೂ ಇಷ್ಟು ಅಚ್ಚುಕಟ್ಟಾಗಿ ಬರುತ್ತಿರಲಿಲ್ಲ. ಕಂಡದ್ದರಿಂದ ಕಾಣದ್ದಕ್ಕೆ ಜಿಗಿಯುವ ಅನುಗಮನ ತರ್ಕದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಪ್ಪು ಹಂಸದಿಂದಲೋ ಬರ್ಟ್ರಂಡ್ ರಸೆಲ್‌ನ ಕೋಳಿಯಿಂದಲೋ ಶುರುಮಾಡುತ್ತಾರೆ. ದಿನಾ ಕಾಳು ಹಾಕಿದ ಕೈಯೇ ಒಂದು ದಿನ ಕತ್ತು ಮುರಿಯುವ ಆ ಕಥೆ ಚೆನ್ನಾಗಿಯೇ ಇದೆ. ಆದರೆ ಕೋಳಿಗೆ ಗಣಿತ ಬರುತ್ತಿರಲಿಲ್ಲ, ಲೆವೆರಿಯೆಗೆ ಬರುತ್ತಿತ್ತು.

ಮೊದಲು ಸಿಕ್ಕ ಗ್ರಹದ ಕಥೆ. 1781ರ ಮಾರ್ಚ್ 13ರ ರಾತ್ರಿ ಇಂಗ್ಲೆಂಡಿನ ಬಾತ್ ಊರಿನಲ್ಲಿ, ಸಂಗೀತವನ್ನೇ ಕಸುಬಾಗಿ ನಂಬಿದ್ದ ವಿಲಿಯಂ ಹರ್ಷೆಲ್ ತಾನೇ ಉಜ್ಜಿ ಮಾಡಿದ ಕನ್ನಡಿಯ ದೂರದರ್ಶಕದಲ್ಲಿ ಯುರೇನಸ್ಸನ್ನು ಕಂಡ. ಅದು ಧೂಮಕೇತುವಲ್ಲ, ಗ್ರಹವೇ ಎಂದು ಖಚಿತವಾದ ಮೇಲೆ ಖಗೋಳಜ್ಞರು ಹಳೆಯ ಕಡತಗಳನ್ನು ತಡಕಿದರು. 1690ರಲ್ಲೇ ಜಾನ್ ಫ್ಲಾಮ್‌ಸ್ಟೀಡ್ ಅದನ್ನು ನೋಡಿ, ನಕ್ಷತ್ರವೆಂದು ಬಗೆದು, ವೃಷಭ ರಾಶಿಯ ಪಟ್ಟಿಗೆ ಸೇರಿಸಿ ಮುಂದೆ ಹೋಗಿದ್ದ. ಸೂರ್ಯನನ್ನು ಒಮ್ಮೆ ಸುತ್ತಲು 84 ವರ್ಷ ಹಿಡಿಯುವ ಗ್ರಹದ ಹಾದಿ ಗೊತ್ತುಮಾಡಲು ಇಂಥ ಹಳೆಯ ದಾಖಲೆಗಳು ಬಹಳ ಬೆಲೆಯವು. ಆದರೆ ಪ್ಯಾರಿಸ್‌ನ ಅಲೆಕ್ಸಿ ಬುವಾರ್ 1821ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಗಾಗಿ ಲೆಕ್ಕ ಹಾಕುತ್ತಿದ್ದಾಗ ಹಳೆಯ ಸ್ಥಾನಗಳೂ ಹೊಸ ಸ್ಥಾನಗಳೂ ಒಂದೇ ಕಕ್ಷೆಯ ಮೇಲೆ ಕೂರಲೊಲ್ಲವು. ಹಿಂದಿನವರ ವೀಕ್ಷಣೆಯೇ ಒರಟಾಗಿದ್ದಿರಬೇಕು ಎಂದುಕೊಂಡು ಆತ ಹಳೆಯದನ್ನು ಕೈಬಿಟ್ಟ. ಕೆಲವೇ ವರ್ಷಗಳಲ್ಲಿ ಯುರೇನಸ್ ಹೊಸ ಕೋಷ್ಟಕಕ್ಕೂ ಸಲಾಮು ಹೊಡೆದು ಸರಿಯತೊಡಗಿತು. 1845ರ ಹೊತ್ತಿಗೆ ವ್ಯತ್ಯಾಸ ಸುಮಾರು 2 ಆರ್ಕ್‌ಮಿನಿಟ್ ಆಗಿತ್ತು. ಎಂದರೆ ಒಂದು ಡಿಗ್ರಿಯ ಮೂವತ್ತನೆಯ ಒಂದು ಪಾಲು. ಬರಿಗಣ್ಣಿಗೆ ಲೆಕ್ಕಕ್ಕೇ ಬಾರದ್ದು, ನ್ಯೂಟನ್ನನ ನಿಯಮ ಬಲ್ಲವರಿಗೆ ನಿದ್ದೆಗೆಡಿಸುವಂಥದ್ದು.

ಈಗ ಎರಡು ದಾರಿ ಕಾಣುತ್ತಿದ್ದವು. ಒಂದು, ದೂರ ಇಮ್ಮಡಿಯಾದರೆ ಸೆಳೆತ ನಾಲ್ಕನೆಯ ಒಂದು ಪಾಲಾಗುತ್ತದೆ ಎಂಬ ವಿಲೋಮ ವರ್ಗ ನಿಯಮ ಸೂರ್ಯನಿಂದ ಅಷ್ಟು ದೂರದಲ್ಲಿ ಸ್ವಲ್ಪ ಬದಲಾಗುತ್ತಿರಬಹುದು. ಗ್ರೀನಿಚ್‌ನಲ್ಲಿ ರಾಜಖಗೋಳಜ್ಞನಾಗಿದ್ದ ಜಾರ್ಜ್ ಏರಿಗೆ ಹೀಗೊಂದು ಶಂಕೆ ಇತ್ತು. ಇನ್ನೊಂದು, ನಿಯಮ ಸರಿಯಾಗಿಯೇ ಇದೆ, ನಾವು ಕಾಣದ ಯಾವುದೋ ಕಾಯ ಯುರೇನಸ್ಸನ್ನು ಎಳೆಯುತ್ತಿದೆ. ಕೇಂಬ್ರಿಜ್‌ನ ಯುವಕ ಜಾನ್ ಕೌಚ್ ಆಡಮ್ಸ್ ಮತ್ತು ಪ್ಯಾರಿಸ್‌ನ ಲೆವೆರಿಯೆ ಒಬ್ಬರಿಗೊಬ್ಬರ ಅರಿವಿಲ್ಲದೆ ಎರಡನೆಯ ದಾರಿ ಹಿಡಿದರು. ಗ್ರಹ ಗೊತ್ತಿದ್ದರೆ ಅದರ ಎಳೆತ ಲೆಕ್ಕ ಹಾಕುವುದು ರೂಢಿಯ ಕೆಲಸ. ಎಳೆತದಿಂದ ಗ್ರಹಕ್ಕೆ ಹಿಂದಕ್ಕೆ ಹೋಗುವುದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. 1846ರ ಆಗಸ್ಟ್ 31ರಂದು ಲೆವೆರಿಯೆ ಸ್ಥಾನ ಪ್ರಕಟಿಸಿದ. ಫ್ರಾನ್ಸಿನ ವೀಕ್ಷಕರು ಮೈಮುರಿಯುವಂತೆ ಕಾಣದಿದ್ದಾಗ ಸೆಪ್ಟೆಂಬರ್ 18ರಂದು ಬರ್ಲಿನ್‌ನ ಯೋಹಾನ್ ಗಾಲೆಗೆ ಕಾಗದ ಬರೆದ. ಕಾಗದ 23ರಂದು ಕೈಸೇರಿತು. ಅದೇ ರಾತ್ರಿ ಗಾಲೆ ದೂರದರ್ಶಕಕ್ಕೆ ಕಣ್ಣಿಟ್ಟು ಕಂಡ ಚುಕ್ಕಿಗಳನ್ನು ಒಂದೊಂದಾಗಿ ಕೂಗುತ್ತ ಹೋದ; ಹೈನ್ರಿಶ್ ದಾರೆಸ್ಟ್ ಎಂಬ ವಿದ್ಯಾರ್ಥಿ ಪಕ್ಕದಲ್ಲಿ ಕುಳಿತು ಹೊಸ ನಕ್ಷೆಯೊಡನೆ ತಾಳೆ ನೋಡಿದ. ಒಂದು ಗಂಟೆಯೊಳಗೆ ನಕ್ಷೆಯಲ್ಲಿಲ್ಲದ ಚುಕ್ಕಿಯೊಂದು ಸಿಕ್ಕಿತು. ಲೆವೆರಿಯೆ ಹೇಳಿದ ಜಾಗಕ್ಕೂ ಅದಕ್ಕೂ ಒಂದು ಡಿಗ್ರಿಯಷ್ಟೂ ಅಂತರವಿರಲಿಲ್ಲ. ಅದೇ ನೆಪ್ಚೂನ್. (ಗೆಲಿಲಿಯೋ 1612ರ ಡಿಸೆಂಬರ್‌ನಲ್ಲಿ ಗುರುಗ್ರಹವನ್ನು ನೋಡುತ್ತಿದ್ದಾಗ ಅದರ ಬಳಿಯಲ್ಲೇ ಇದನ್ನೂ ಕಂಡು ನಕ್ಷತ್ರವೆಂದು ಗುರುತು ಹಾಕಿಕೊಂಡಿದ್ದ. ಕಣ್ಣಿಗೆ ಬೀಳುವುದೇ ಬೇರೆ, ಕಾಣುವುದೇ ಬೇರೆ.)

ಈ ವಿಜಯದಲ್ಲಿ ಒಂದು ತಮಾಷೆಯೂ ಬೆರೆತಿದೆ, ಪಠ್ಯಪುಸ್ತಕಗಳು ಅದನ್ನು ಅಷ್ಟಾಗಿ ಹೇಳುವುದಿಲ್ಲ. ಹೊಸ ಗ್ರಹ ಎಷ್ಟು ದೂರದಲ್ಲಿದೆ ಎಂದು ಮೊದಲು ಅಂದಾಜು ಮಾಡದೆ ಲೆಕ್ಕ ಮುಂದೆ ಸಾಗುತ್ತಿರಲಿಲ್ಲ. ಆಡಮ್ಸ್, ಲೆವೆರಿಯೆ ಇಬ್ಬರೂ ಬೋಡೆಯ ನಿಯಮವನ್ನು ಆಧಾರವಾಗಿ ಇಟ್ಟುಕೊಂಡರು. ಟಿಟಿಯಸ್ 1766ರಲ್ಲಿ ಕಂಡು, ಬೋಡೆ 1772ರಲ್ಲಿ ಪ್ರಚಾರ ಮಾಡಿದ ಈ ಸಂಖ್ಯಾಶ್ರೇಣಿ ಗ್ರಹಗಳ ದೂರವನ್ನು ಸಾಲಾಗಿ ಹೇಳುತ್ತಿತ್ತು. ಏಕೆ ಹಾಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಆಮೇಲೆ ಸಿಕ್ಕ ಯುರೇನಸ್ ಅದಕ್ಕೆ ಹೊಂದಿತು: ಶ್ರೇಣಿ ಹೇಳಿದ್ದು ಭೂಮಿ–ಸೂರ್ಯರ ಅಂತರದ 19.6 ಪಟ್ಟು, ಇದ್ದದ್ದು 19.2. 1801ರಲ್ಲಿ ಸಿಕ್ಕ ಸಿರಿಸ್ ಇನ್ನೂ ಚೆನ್ನಾಗಿ ಹೊಂದಿತು: 2.8ಕ್ಕೆ 2.77. ಹೊಸದಾಗಿ ಸಿಕ್ಕ ಎರಡೂ ಕಾಯಗಳು ಸಾಕ್ಷಿ ನುಡಿದ ಮೇಲೆ ನಂಬದಿರುವುದು ಹೇಗೆ? ಮುಂದಿನ ಗ್ರಹಕ್ಕೆ ಶ್ರೇಣಿಯ ಸಂಖ್ಯೆ 38.8. ನೆಪ್ಚೂನ್ ನಿಜಕ್ಕೂ ಇರುವುದು 30ರಲ್ಲಿ. ಬೋಡೆಯ ನಿಯಮದ ಹೆಗಲೇರಿ ಸಿಕ್ಕ ಗ್ರಹವೇ ಆ ನಿಯಮವನ್ನು ಮುರಿಯಿತು. ದೂರ ತಪ್ಪಿದ್ದರೂ ದಿಕ್ಕು ಸರಿಬಂದದ್ದಕ್ಕೆ ಒಂದು ಕಾರಣ, ಯುರೇನಸ್, ನೆಪ್ಚೂನ್ ಎರಡೂ 1822ರ ಸುಮಾರಿಗೆ ಒಂದೇ ದಿಕ್ಕಿನಲ್ಲಿ ಹತ್ತಿರವಾಗಿದ್ದವು, ಎಳೆತವೆಲ್ಲ ಆ ಆಸುಪಾಸಿನ ದಶಕಗಳಲ್ಲಿ ಎದ್ದು ಕಂಡಿತ್ತು. ಅಮೆರಿಕದ ಬೆಂಜಮಿನ್ ಪೀರ್ಸ್ ಇದನ್ನೊಂದು ಶುಭ ಆಕಸ್ಮಿಕ ಎಂದು ಕರೆದು ಬಹಳ ಜನರ ಸಿಟ್ಟಿಗೆ ಗುರಿಯಾದ. ಪೀರ್ಸ್ ಅತಿ ಮಾಡಿದ ಎಂದೇ ನನ್ನ ಅಭಿಪ್ರಾಯ, ಆದರೆ ಅವನ ಮಾತು ಪೂರಾ ಪೊಳ್ಳೇನಲ್ಲ.

ಬೋಡೆಯ ನಿಯಮ, ನ್ಯೂಟನ್ನನ ನಿಯಮ ಎರಡೂ ಕಂಡದ್ದರಿಂದ ಕಾಣದ್ದಕ್ಕೆ ಚಾಚಿದ ಕೈಗಳೇ. ಒಂದು ಉದುರಿತು, ಇನ್ನೊಂದು ಮೆರೆಯಿತು. ಮುಂಚಿತವಾಗಿ ಇವೆರಡನ್ನೂ ಬೇರ್ಪಡಿಸಿ ಹೇಳಬಹುದಿತ್ತೆ? ಈ ಪ್ರಶ್ನೆ ಯುರೋಪಿನದಷ್ಟೇ ಅಲ್ಲ. ನಮ್ಮ ನ್ಯಾಯಶಾಸ್ತ್ರದವರ ಹೆಸರಾಂತ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ. ಬೆಟ್ಟದಲ್ಲಿ ಹೊಗೆ ಇದೆ. ಆದ್ದರಿಂದ ಅಲ್ಲಿ ಬೆಂಕಿ ಇದೆ. ಹೊಗೆಗೂ ಬೆಂಕಿಗೂ ಇರುವ ಈ ತಪ್ಪದ ನಂಟಿಗೆ ಅವರು ವ್ಯಾಪ್ತಿ ಎಂದರು. ಇದನ್ನೇ ತಿರುಗಿಸಿ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎಂದರೆ ಒಪ್ಪಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಹೀಗೆ ನಿಯಮದೊಳಗೆ ಹೇಳದೆ ಉಳಿದು, ತೆರೆಮರೆಯಲ್ಲಿ ನಿಂತು ಕೆಲಸ ಮಾಡುವ ಷರತ್ತಿಗೆ ಉಪಾಧಿ ಎಂದು ಹೆಸರು. ಅನುಗಮನದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಉಪಯೋಗಕ್ಕೆ ಬರುವ ಪರಿಕಲ್ಪನೆ ಇನ್ನೊಂದಿಲ್ಲ.

ಚಾರ್ವಾಕ ಇಲ್ಲೇ ತಗಾದೆ ತೆಗೆಯುತ್ತಾನೆ. ಅವನ ವಾದ ನಮಗೆ ಚೊಕ್ಕವಾಗಿ ಸಿಗುವುದು 14ನೆಯ ಶತಮಾನದ ‘ಸರ್ವದರ್ಶನ ಸಂಗ್ರಹ’ದ ಮೊದಲ ಅಧ್ಯಾಯದಲ್ಲಿ. ಈ ಗ್ರಂಥಕ್ಕೆ ಸಂಪ್ರದಾಯ ಹೇಳುವ ಕರ್ತೃ ವಿಜಯನಗರದ ಕಾಲದ, ಶೃಂಗೇರಿ ಪೀಠದ ವಿದ್ಯಾರಣ್ಯರು. ಬರೆದವರು ಅವರೇ ಹೌದೆ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಯಾರೇ ಬರೆದಿರಲಿ, ಆ ವೇದಾಂತಿ ತನ್ನ ಎದುರಾಳಿಯ ಮಾತನ್ನು ಪ್ರಾಮಾಣಿಕವಾಗಿ ಎತ್ತಿಟ್ಟಿದ್ದಾನೆ. ಕಣ್ಣಿಗೆ ಸಿಗುವುದು ಈಗ ಇರುವುದು ಮಾತ್ರ. ಹಿಂದಿನ ಹೊಗೆ, ಮುಂದಿನ ಹೊಗೆ ಎಲ್ಲಕ್ಕೂ ಬೆಂಕಿಯ ನಂಟಿದೆ ಎಂದು ಪ್ರತ್ಯಕ್ಷದಿಂದ ತಿಳಿಯದು. ಇನ್ನೊಂದು ಅನುಮಾನದಿಂದ ತಿಳಿಯುತ್ತೇವೆಂದರೆ ಅದಕ್ಕೂ ಒಂದು ವ್ಯಾಪ್ತಿ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಉಪಾಧಿ ಇಲ್ಲವೆಂದು ತೋರಿಸಿದರೆ ಸಾಕೆ? ಉಪಾಧಿ ಎಲ್ಲೂ ಇಲ್ಲವೆಂದು ತಿಳಿಯುವುದಾದರೂ ಹೇಗೆ, ಕಾಣದ ಷರತ್ತು ಕಾಣುವುದಿಲ್ಲ ಎಂಬುದೇ ಅಲ್ಲವೆ ತೊಡಕು?

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739ರಲ್ಲಿ ಇದೇ ಗೋಡೆಗೆ ಹಣೆ ಚಚ್ಚಿಕೊಂಡ. ನಾಳೆಯೂ ನಿನ್ನೆಯಂತೆಯೇ ಇರುತ್ತದೆ ಎನ್ನಲು ನಮ್ಮಲ್ಲಿರುವ ಆಧಾರ, ಇದುವರೆಗೆ ಹಾಗೆಯೇ ನಡೆದಿದೆ ಎಂಬುದು. ಯಾವುದನ್ನು ಸಾಧಿಸಬೇಕಿತ್ತೋ ಅದನ್ನೇ ಆಧಾರವೆಂದು ತಂದು ಇಟ್ಟಂತಾಯಿತು. ನಮ್ಮನ್ನು ನಡೆಸುವುದು ತರ್ಕವಲ್ಲ, ರೂಢಿ ಎಂದ ಹ್ಯೂಮ್. ಹೀಗೆಲ್ಲ ಯೋಚಿಸಿ ತಲೆ ಬಿಸಿಯಾದಾಗ ಊಟ ಮಾಡಿ, ಗೆಳೆಯರೊಡನೆ ಬ್ಯಾಕ್‌ಗ್ಯಾಮನ್ ಆಡಿದರೆ ಸಂಶಯವೆಲ್ಲ ಹಾರಿಹೋಗುತ್ತದೆ ಎಂದೂ ಬರೆದುಕೊಂಡ. ಮಿಥಿಲೆಯ ಉದಯನ, ಅವನ ಹಾದಿಯಲ್ಲಿ ಬಂದ ಗಂಗೇಶ ಇವರ ಉತ್ತರವೂ ಹೆಚ್ಚುಕಡಿಮೆ ಇದೇ ದಿಕ್ಕಿನದು, ಆದರೆ ಅದರಲ್ಲಿ ಪಟ್ಟು ಹೆಚ್ಚು: ಶಂಕೆಗೂ ಒಂದು ಎಲ್ಲೆ ಇದೆ. ಬೆಂಕಿಯಿಂದ ಹೊಗೆ ಬರುವುದೇ ಸಂದೇಹವಾಗಿದ್ದರೆ ಹೊಗೆ ಬೇಕಾದಾಗ ನೀನು ಬೆಂಕಿಯನ್ನೇ ಏಕೆ ಹುಡುಕಿಕೊಂಡು ಹೋಗುತ್ತೀ? ನಡತೆಯೇ ಸಂಶಯಕ್ಕೆ ಅಡ್ಡ ನಿಲ್ಲುತ್ತದೆ. ಚಾರ್ವಾಕನನ್ನು ಇದು ಸೋಲಿಸುವುದಿಲ್ಲ, ಊಟಕ್ಕೆ ಮಾತ್ರ ಎಬ್ಬಿಸುತ್ತದೆ.

ಲೆವೆರಿಯೆಯ ಎರಡನೆಯ ಯಾತ್ರೆಗೆ ಬರೋಣ. ಬುಧ ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು, ಎಂದರೆ ರವಿನೀಚ, ಒಂದೇ ಕಡೆ ನಿಲ್ಲುವುದಿಲ್ಲ, ಮೆಲ್ಲಗೆ ಸುತ್ತುತ್ತದೆ. ಶುಕ್ರ, ಗುರು, ಭೂಮಿ ಮೊದಲಾದವುಗಳ ಎಳೆತದಿಂದ ಶತಮಾನಕ್ಕೆ ಸುಮಾರು 530 ಆರ್ಕ್‌ಸೆಕೆಂಡ್ ಸರಿಯಬೇಕು. (ಡಿಗ್ರಿಗೆ 3,600 ಆರ್ಕ್‌ಸೆಕೆಂಡ್.) ಇವನ್ನೆಲ್ಲ ಕಳೆದರೂ 38 ಆರ್ಕ್‌ಸೆಕೆಂಡ್ ಉಳಿಯುತ್ತದೆ ಎಂದು ಲೆವೆರಿಯೆ 1859ರಲ್ಲಿ ಪ್ರಕಟಿಸಿದ. ಅಮೆರಿಕದ ಸೈಮನ್ ನ್ಯೂಕಂಬ್ 1882ರಲ್ಲಿ ಇದನ್ನು 43ಕ್ಕೆ ತಿದ್ದಿದ. ಈ ಉಳಿಕೆ ಎಷ್ಟು ಸಣ್ಣದೆಂದರೆ, ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯಲು 4,000 ವರ್ಷಕ್ಕೂ ಹೆಚ್ಚು ಬೇಕು. ಅಂಥದ್ದನ್ನು ಗ್ರಹಗಳ ಎಳೆತಗಳ ಗೊಂದಲದ ನಡುವಿನಿಂದ ಹೆಕ್ಕಿ ತೆಗೆದದ್ದೇ ನೆಪ್ಚೂನಿಗಿಂತ ದೊಡ್ಡ ಸಾಧನೆ ಎನ್ನಬಹುದು. ಗೊತ್ತಿರುವ ಕಾರಣಗಳ ಪಾಲನ್ನೆಲ್ಲ ಕಳೆದು, ಉಳಿದದ್ದಕ್ಕೆ ಉಳಿದ ಕಾರಣವನ್ನು ಹುಡುಕು ಎಂಬ ವಿಧಾನವನ್ನು ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಪುಸ್ತಕದಲ್ಲಿ ಬರೆದಿಟ್ಟಿದ್ದ. ಮೂರೇ ವರ್ಷದಲ್ಲಿ ನೆಪ್ಚೂನ್ ಅದಕ್ಕೆ ಮುದ್ರೆ ಒತ್ತಿತ್ತು. ಹಾಗಾದರೆ ಬುಧನ ಉಳಿಕೆಗೂ ಒಂದು ಗ್ರಹ, ಇಲ್ಲವೇ ಗ್ರಹಗಳ ಒಂದು ಹಿಂಡು, ಸೂರ್ಯನಿಗೂ ಬುಧನಿಗೂ ನಡುವೆ ಇರಲೇಬೇಕು.

1859ರ ಡಿಸೆಂಬರ್‌ನಲ್ಲಿ ಒರ್ಜೇರ್ ಎಂಬ ಹಳ್ಳಿಯ ವೈದ್ಯ ಎದ್ಮೊಂ ಲೆಸ್ಕಾರ್ಬೊ ಲೆವೆರಿಯೆಗೆ ಒಂದು ಕಾಗದ ಬರೆದ: ಮಾರ್ಚ್ 26ರಂದು ಸೂರ್ಯನ ಮುಖದ ಮೇಲೆ ಕಪ್ಪು ದುಂಡನೆಯ ಚುಕ್ಕಿಯೊಂದು ದಾಟಿಹೋದದ್ದನ್ನು ತಾನು ಕಂಡಿದ್ದೇನೆ. ಲೆವೆರಿಯೆ ಸುದ್ದಿ ಕೊಡದೆ ಅವನ ಬಾಗಿಲಿಗೆ ಹೋಗಿ ನಿಂತ, ತಾನು ಯಾರೆಂದು ಹೇಳದೆ ಪಾಟೀಸವಾಲು ಹಾಕಿದ. ವೈದ್ಯನ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿರಲಿಲ್ಲ. ಸೆಕೆಂಡು ಎಣಿಸಲು ರೇಷ್ಮೆ ದಾರಕ್ಕೆ ದಂತದ ಗುಂಡು ಕಟ್ಟಿ ಲೋಲಕ ಮಾಡಿಕೊಂಡಿದ್ದ. ಲೆಕ್ಕ ಬರೆಯುತ್ತಿದ್ದದ್ದು ಮರದ ಹಲಗೆಯ ಮೇಲೆ, ತುಂಬಿದರೆ ಕೀಸುಳಿಯಿಂದ ಹೆರೆದು ಮತ್ತೆ ಬರೆಯುವುದು. ಅಷ್ಟು ಒರಟು ಸ್ವಭಾವದ ಲೆವೆರಿಯೆ ಇದನ್ನೆಲ್ಲ ನೋಡಿ ಕರಗಿದ, ನಂಬಿದ. ಮರುತಿಂಗಳೇ ವೈದ್ಯನಿಗೆ ಲೀಜನ್ ಆಫ್ ಆನರ್ ಪದಕ ಬಂತು. ಗ್ರಹಕ್ಕೆ ವಲ್ಕನ್ ಎಂಬ ಹೆಸರಾಯಿತು, 19 ದಿನ 17 ಗಂಟೆಗೆ ಸೂರ್ಯನನ್ನು ಒಂದು ಸುತ್ತು ಎಂದು ಲೆಕ್ಕವಾಯಿತು. ಆದರೆ ವೈದ್ಯ ಕಂಡ ಚುಕ್ಕಿಯ ಗಾತ್ರದಿಂದ ಅಂದಾಜಿಸಿದರೆ ಅದರ ತೂಕ ಬುಧನ ಹದಿನೇಳನೆಯ ಒಂದು ಪಾಲು ಮಾತ್ರ. ಉಳಿಕೆಯನ್ನು ತುಂಬಲು ಅಂಥವು ಹತ್ತಾರು ಬೇಕು. ಲೆವೆರಿಯೆಗೆ ಇದು ಗೊತ್ತಿತ್ತು. ಬ್ರೆಜಿಲ್‌ನಲ್ಲಿ ಅದೇ ಹೊತ್ತಿಗೆ ಸೂರ್ಯನನ್ನು ನೋಡುತ್ತಿದ್ದ ಎಮಾನ್ಯುಯೆಲ್ ಲಿಯೆ ತನಗೇನೂ ಕಾಣಲಿಲ್ಲ ಎಂದದ್ದೂ ಕಿವಿಗೆ ಬಿದ್ದಿತ್ತು.

ಮುಂದಿನ ಹಲವು ದಶಕ ಬೇಟೆಯೋ ಬೇಟೆ. 1878ರ ಜುಲೈ 29ರ ಗ್ರಹಣದಲ್ಲಿ ಅಮೆರಿಕದ ಜೇಮ್ಸ್ ವಾಟ್ಸನ್ ಮತ್ತು ಲೂಯಿಸ್ ಸ್ವಿಫ್ಟ್ ತಾವು ವಲ್ಕನ್ನನ್ನು ಕಂಡೆವೆಂದರು. ಇಬ್ಬರ ಸ್ಥಾನಗಳೂ ಹೊಂದಲಿಲ್ಲ. ಲಿಕ್ ವೀಕ್ಷಣಾಲಯದವರು 1901, 1905, 1908ರ ಗ್ರಹಣಗಳಲ್ಲಿ ಛಾಯಾಚಿತ್ರ ತೆಗೆದು ಬಾಗಿಲು ಹಾಕಿದರು. ಇದನ್ನು ನೋಡಲು ಲೆವೆರಿಯೆ ಇರಲಿಲ್ಲ. ಆತ ತೀರಿಕೊಂಡದ್ದು 1877ರ ಸೆಪ್ಟೆಂಬರ್ 23ರಂದು, ನೆಪ್ಚೂನ್ ಸಿಕ್ಕ ತಾರೀಖಿನಂದೇ. ಈ ಕಾಕತಾಳೀಯದಲ್ಲಿ ಅರ್ಥ ಹುಡುಕುವವರಿಗೆ ಮೇಲಿನ ಬೋಡೆಯ ಶ್ರೇಣಿಯನ್ನು ಇನ್ನೊಮ್ಮೆ ಓದಿ ಎನ್ನಬೇಕಾಗುತ್ತದೆ.

ವಲ್ಕನ್ ಕಥೆಯನ್ನು ನಗೆಹನಿಯಂತೆ ಹೇಳುವ ಪುಸ್ತಕಗಳಿವೆ. ನನಗೆ ಅದು ಸರಿಕಾಣದು. 1859ರಲ್ಲಿ ಲೆವೆರಿಯೆಯ ತರ್ಕ 1846ಕ್ಕಿಂತ ಗಟ್ಟಿಯಾಗಿತ್ತು, ಏಕೆಂದರೆ ಈಗ ಅದರ ಬೆನ್ನಿಗೆ ನೆಪ್ಚೂನ್ ಇತ್ತು. ಹಿಂದೊಮ್ಮೆ ಫಲ ಕೊಟ್ಟ ವಿಧಾನ ಮುಂದೆಯೂ ಕೊಡುತ್ತದೆ ಎನ್ನುವುದು ಅನುಗಮನದ ಮೇಲೆ ಕೂರಿಸಿದ ಇನ್ನೊಂದು ಅನುಗಮನ. ಹ್ಯೂಮ್ ಬೆರಳು ಇಟ್ಟಿದ್ದು ಇಲ್ಲಿಯೇ. ಆದರೆ ಹ್ಯೂಮನನ್ನು ಬಾಯಿಪಾಠ ಮಾಡಿದ್ದರೂ ಲೆವೆರಿಯೆಗೆ ಬೇರೆ ದಾರಿ ತೋಚುತ್ತಿರಲಿಲ್ಲ. ಎಲ್ಲ ನಿಯಮಗಳ ಮೇಲೂ ಸಮನಾಗಿ ಬೀಳುವ ಸಂಶಯ ಯಾವ ನಿಯಮವನ್ನು ಈಗ ಮುಟ್ಟಬೇಕೆಂದು ಹೇಳುವುದಿಲ್ಲ. ನಿಯಮವನ್ನೇ ಮುಟ್ಟಲು ಹೋದವರೂ ಇದ್ದರು. ಮಂಗಳನ ಉಪಗ್ರಹಗಳನ್ನು ಕಂಡುಹಿಡಿದ ಅಸಾಫ್ ಹಾಲ್ 1894ರಲ್ಲಿ ದೂರದ ವರ್ಗ ಎನ್ನುವಲ್ಲಿ 2ರ ಬದಲು 2.00000016 ಎಂದು ಬರೆದರೆ ಬುಧ ತೆಪ್ಪಗಾಗುತ್ತದೆ ಎಂದ. ಬುಧ ತೆಪ್ಪಗಾಯಿತು, ಚಂದ್ರ ಕೆರಳಿದ: ಚಂದ್ರನ ಚಲನೆಯ ಸೂಕ್ಷ್ಮ ಲೆಕ್ಕ ಆ ತಿದ್ದುಪಡಿಯನ್ನು ತಾಳಲಿಲ್ಲ. ಎಂದರೆ ತಪ್ಪು ನಿಯಮದಲ್ಲೇ ಇದೆ ಎಂದು ಸರಿಯಾಗಿ ಊಹಿಸಿದವನೂ ಸೋತ.

1915ರ ನವೆಂಬರ್ 18ರಂದು ಆಲ್ಬರ್ಟ್ ಐನ್‌ಸ್ಟೈನ್ ಬರ್ಲಿನ್‌ನ ಪ್ರಷ್ಯನ್ ಅಕಾಡೆಮಿಗೆ ತನ್ನ ಲೆಕ್ಕ ಒಪ್ಪಿಸಿದ. ಗುರುತ್ವವನ್ನು ದೇಶ-ಕಾಲದ ಬಾಗು ಎಂದು ನೋಡುವ ಅವನ ಸಿದ್ಧಾಂತದಿಂದ ಬುಧನಿಗೆ 43 ಆರ್ಕ್‌ಸೆಕೆಂಡ್ ತಾನಾಗಿಯೇ ಬಂತು. ಯಾವ ಸಂಖ್ಯೆಯನ್ನೂ ತಿರುಚಬೇಕಾಗಿರಲಿಲ್ಲ. ಎದೆ ಡವಗುಟ್ಟಿತೆಂದು ಆಮೇಲೆ ಆತ ಹೇಳಿಕೊಂಡ. ಬೆಟ್ಟದ ಹೊಗೆಯ ಮಾತಿನಲ್ಲಿ ಹೇಳುವುದಾದರೆ, ನ್ಯೂಟನ್ನನ ವ್ಯಾಪ್ತಿಗೆ ಒಂದು ಉಪಾಧಿ ಇತ್ತು: ವೇಗ ಬೆಳಕಿನದಕ್ಕಿಂತ ಬಹಳ ಕಡಿಮೆ ಇರಬೇಕು, ಗುರುತ್ವ ದುರ್ಬಲವಾಗಿರಬೇಕು. ಮರದಿಂದ ಬೀಳುವ ಹಣ್ಣಿನಿಂದ ಯುರೇನಸ್‌ವರೆಗೆ ಎಲ್ಲೆಡೆ ಈ ಷರತ್ತು ಸದ್ದಿಲ್ಲದೆ ಈಡೇರುತ್ತಿತ್ತು. ಬುಧನ ಬಳಿಯೂ ಅದು ತಪ್ಪುವುದು 4 ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಸುತ್ತು ಸುತ್ತಾಗಿ ಕೂಡುತ್ತ ಬಂದದ್ದರಿಂದಲೇ ಅದು ಕಣ್ಣಿಗೆ ಬಿತ್ತು. ಯುರೇನಸ್ಸಿನ ದಾರಿತಪ್ಪುವಿಕೆ ಇದಕ್ಕಿಂತ ಎಷ್ಟೋ ಎದ್ದು ಕಾಣುವಂಥದ್ದು, ಆದರೂ ಅದು ನಿಯಮಕ್ಕೆ ಅಪಾಯ ತರಲಿಲ್ಲ. ಹಾಗಾಗಿ ಉಳಿಕೆಯ ಗಾತ್ರ ನೋಡಿ ರೋಗ ಗುರುತಿಸಲು ಬರುವುದಿಲ್ಲ.

ನಿಯಮಕ್ಕೆ ಮುಂದೆ ಅಪವಾದ ಬರಬಹುದೆಂದು ಮೊದಲೇ ಲಿಖಿತದಲ್ಲಿ ಒಪ್ಪಿಕೊಂಡಿದ್ದವನು ನ್ಯೂಟನ್ನೇ. ‘ಪ್ರಿನ್ಸಿಪಿಯಾ’ದ 1726ರ ಮೂರನೆಯ ಆವೃತ್ತಿಗೆ ಸೇರಿಸಿದ ತರ್ಕದ ನಾಲ್ಕನೆಯ ನಿಯಮದ ತಾತ್ಪರ್ಯ ಹೀಗಿದೆ: ವಿದ್ಯಮಾನಗಳಿಂದ ಅನುಗಮನದ ಮೂಲಕ ಪಡೆದ ಮಾತುಗಳನ್ನು ನಿಖರವಾಗಿ ಅಥವಾ ಬಹುಮಟ್ಟಿಗೆ ನಿಜವೆಂದು ಎಣಿಸು, ಬೇರೆ ವಿದ್ಯಮಾನಗಳು ಬಂದು ಅವನ್ನು ಇನ್ನಷ್ಟು ನಿಖರಗೊಳಿಸುವ ಅಥವಾ ಅಪವಾದಗಳನ್ನು ತೋರಿಸುವ ತನಕ. ಕಾರ್ಲ್ ಪಾಪ್ಪರ್ 1934ರಲ್ಲಿ ಅನುಗಮನವನ್ನೇ ತಳ್ಳಿಹಾಕಿದ. ವಿಜ್ಞಾನ ಊಹೆಗಳನ್ನು ಮುಂದಿಟ್ಟು ಅವನ್ನು ಸುಳ್ಳಾಗಿಸಲು ಯತ್ನಿಸುತ್ತದೆ ಎಂದ. ಕೇಳಲು ಸೊಗಸು. ಆದರೆ ಅಕ್ಷರಶಃ ಪಾಲಿಸಿದ್ದರೆ 1840ರ ದಶಕದಲ್ಲಿ ಯುರೇನಸ್ಸಿನ ಎದುರು ನ್ಯೂಟನ್ನನನ್ನು ಕೈಬಿಡಬೇಕಿತ್ತು. ಫ್ರಾನ್ಸಿನ ಪಿಯೆರ್ ದುಯೆಮ್ 1906ರಲ್ಲೇ ಹೇಳಿದ್ದು ನಿಜಕ್ಕೆ ಇನ್ನೂ ಹತ್ತಿರದ್ದು: ಪರೀಕ್ಷೆಗೆ ಕೂರುವುದು ಒಂಟಿ ನಿಯಮವಲ್ಲ, ಅದರ ಜೊತೆಗೆ ಕಟ್ಟಿದ ಹತ್ತಾರು ನಂಬಿಕೆಗಳ ಮೂಟೆ. ಆಕಾಶದಲ್ಲಿ ಇನ್ನು ಗ್ರಹಗಳಿಲ್ಲ ಎಂಬುದೂ ಆ ಮೂಟೆಯೊಳಗಿನದೇ. ಫಲಿತಾಂಶ ತಪ್ಪಿದಾಗ ಮೂಟೆಯಲ್ಲಿ ಏನೋ ಕೊಳೆತಿದೆ ಎಂದು ತಿಳಿಯುತ್ತದೆ, ಯಾವುದು ಎಂದು ತಿಳಿಯುವುದಿಲ್ಲ.

ಇದು ಹಳೆಯ ಕಾಲದ ಪೇಚಾಟವಲ್ಲ. ಫ್ರಿಟ್ಸ್ ಜ್ವಿಕಿ 1933ರಲ್ಲಿ ಕೋಮಾ ಗೆಲಾಕ್ಸಿಗುಚ್ಛವನ್ನು ನೋಡಿ, ಅಲ್ಲಿನ ಗೆಲಾಕ್ಸಿಗಳು ಕಾಣುವ ದ್ರವ್ಯದ ಹಿಡಿತಕ್ಕೆ ಮೀರಿದ ವೇಗದಲ್ಲಿ ಓಡುತ್ತಿವೆ ಎಂದ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ಕೇಂದ್ರದಿಂದ ದೂರ ಹೋದರೂ ಸುತ್ತುವ ವೇಗ ನಿರೀಕ್ಷಿಸಿದಷ್ಟು ಕುಗ್ಗುವುದಿಲ್ಲವೆಂದು ಅಳೆದು ತೋರಿಸಿದರು. ಬಹುಸಂಖ್ಯಾತ ವಿಜ್ಞಾನಿಗಳದು ನೆಪ್ಚೂನಿನ ದಾರಿ: ನಿಯಮ ಸರಿ, ಕಾಣದ ದ್ರವ್ಯವಿದೆ. ಅದರ ಪರ ಸಾಕ್ಷ್ಯ ಗೆಲಾಕ್ಸಿಗಳಾಚೆಯಿಂದಲೂ ಬಂದಿದೆ. ಡಿಕ್ಕಿ ಹೊಡೆದ ಗೆಲಾಕ್ಸಿಗುಚ್ಛಗಳಲ್ಲಿ ಗುರುತ್ವದ ನಡುಭಾಗ ಅನಿಲದ ನಡುಭಾಗದಿಂದ ಬೇರೆಯಾಗಿ ನಿಂತದ್ದು 2006ರಲ್ಲಿ ಕಂಡಿತು. ಆದರೆ ಆ ದ್ರವ್ಯದ ಒಂದು ಕಣವಾದರೂ ಇದುವರೆಗೆ ಉಪಕರಣಕ್ಕೆ ಸಿಕ್ಕಿಲ್ಲ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹಳೆಯ ಚಿನ್ನದ ಗಣಿಯೊಳಗೆ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ ತುಂಬಿಕೊಂಡು ಒಂದು ಪ್ರಯೋಗ ಕಾಯುತ್ತಿದೆ.

ಇಸ್ರೇಲಿನ ಮೊರ್ಡೆಹಾಯ್ ಮಿಲ್ಗ್ರೋಮ್ 1983ರಲ್ಲಿ ಬುಧನ ದಾರಿ ಹಿಡಿದರು. ಅವರು ಉಪಾಧಿಯನ್ನು ಸಂಖ್ಯೆಯಲ್ಲೇ ಹೇಳಿಬಿಟ್ಟರು: ವೇಗೋತ್ಕರ್ಷ ಒಂದು ಮಿತಿಗಿಂತ ಕೆಳಗಿಳಿದರೆ ನ್ಯೂಟನ್ನನ ನಿಯಮ ಬದಲಾಗುತ್ತದೆ. ಆ ಮಿತಿ ಭೂಮಿಯ ಮೇಲೆ ನಾವು ಅನುಭವಿಸುವ ಗುರುತ್ವದ ಸುಮಾರು 8,000 ಕೋಟಿಯಲ್ಲಿ ಒಂದು ಪಾಲು. ಹಾಗಿದ್ದರೆ ಇದನ್ನು ನೆರೆಯಲ್ಲೇ ಪರೀಕ್ಷಿಸಬಹುದು. ಭೂಮಿ–ಸೂರ್ಯರ ಅಂತರದ 7,000 ಪಟ್ಟು ದೂರದಲ್ಲಿದ್ದು, ಲಕ್ಷಾಂತರ ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳ ನಡುವಿನ ಸೆಳೆತ ಸರಿಸುಮಾರು ಆ ಮಿತಿಯಲ್ಲೇ ಇದೆ. ಗಾಯಾ ಉಪಗ್ರಹ ಅಂಥ ಸಾವಿರಾರು ಜೋಡಿಗಳ ಚಲನೆಯನ್ನು ಅಳೆದಿದೆ. 2023ರಲ್ಲಿ ಕೊರಿಯದ ಕ್ಯು-ಹ್ಯುನ್ ಚೇ ಆ ಅಳತೆಗಳಿಂದ ನ್ಯೂಟನ್ ನಿಯಮ ತಪ್ಪುತ್ತಿದೆ ಎಂದರು. ಅದೇ ವರ್ಷ ಇಂದ್ರನೀಲ್ ಬಾನಿಕ್ ಮತ್ತು ಸಂಗಡಿಗರು ಅದೇ ಉಪಗ್ರಹದ ಅಳತೆಗಳಿಂದ ತಪ್ಪುತ್ತಿಲ್ಲ ಎಂದರು. ವಾಗ್ವಾದ ನಡೆದೇ ಇದೆ. ಅದರ ಬಹುಪಾಲು ನಿಂತಿರುವುದು, ಯಾವ ಜೋಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅವುಗಳಲ್ಲಿ ಎಷ್ಟರ ಪಕ್ಕದಲ್ಲಿ ಗಾಯಾದ ಕಣ್ಣಿಗೂ ಬೀಳದ ಮೂರನೆಯ ನಕ್ಷತ್ರವೊಂದು ಎಳೆಯುತ್ತ ಕುಳಿತಿದೆ ಎಂಬ ಪ್ರಶ್ನೆಗಳ ಮೇಲೆ.